ಸಹಿಗಿಂತ ಮೊದಲು ಮುದ್ರಣದ ಪುಟ ಓದಿ

ಪತ್ರಕರ್ತರೊಬ್ಬರ ಸಾಂಸ್ಕೃತಿಕ ಪ್ರಬಂಧಗಳ ಮೊದಲ ಮುದ್ರಣ, ಅದೂ ಲೇಖಕರ ಸಹಿಯೊಂದಿಗೆ ವಿಜಯಪುರದ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕರೆ ಎಲ್ಲರ ಕಣ್ಣೂ ಸಹಿಯ ಮೇಲೇ ಬೀಳುತ್ತದೆ. ಆದರೆ ಮೊದಲು ಓದಬೇಕಾದ್ದು ಶೀರ್ಷಿಕೆ ಪುಟದ ಹಿಂಬದಿ. ‘ಮೊದಲ ಮುದ್ರಣ’ ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಅಂಕಣ ಬರಹಗಳ ಪುಸ್ತಕ ಬೇರೆ ಪ್ರಕಾಶಕರ ಕೈಗೆ ಹೋದಾಗ ಅವರು ತಮ್ಮ ಲೆಕ್ಕದಲ್ಲಿ ಮತ್ತೆ ‘ಮೊದಲ ಮುದ್ರಣ’ ಎಂದೇ ಹಾಕುವುದುಂಟು. ಲೇಖಕರ ಅರಿಕೆಯ ಕೆಳಗಿನ ತಾರೀಖಿಗೂ ಮುದ್ರಣದ ಇಸವಿಗೂ ಹತ್ತು ವರ್ಷ ಅಂತರವಿದ್ದರೆ ಅನುಮಾನಪಡಿ.

ಇಸವಿಯೇ ಇಲ್ಲದಿದ್ದರೆ ಬೆಲೆ, ವಿಳಾಸ ನೋಡಿ. ರೂಪಾಯಿಗೆ ನೂರರ ಲೆಕ್ಕದ ‘ನಯೇ ಪೈಸೆ’ ಬಂದದ್ದು 1957ರಲ್ಲಿ, ಆರಂಕಿಯ ಪಿನ್‌ಕೋಡ್ 1972ರಲ್ಲಿ, ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹದಿಮೂರು ಅಂಕಿಯದಾದದ್ದು 2007ರಲ್ಲಿ, ರೂಪಾಯಿಯ ₹ ಚಿಹ್ನೆ 2010ರಲ್ಲಿ. ‘ಮೈಸೂರು ರಾಜ್ಯ’ ಎಂದಿದ್ದರೆ 1973ಕ್ಕೆ ಹಿಂದಿನದು, ‘ಬಾಗಲಕೋಟೆ, ಜಿಲ್ಲಾ ವಿಜಾಪುರ’ (ಇಂದಿನ ವಿಜಯಪುರ) ಎಂದಿದ್ದರೆ ಬಾಗಲಕೋಟೆ ಬೇರೆ ಜಿಲ್ಲೆಯಾದ 1997ಕ್ಕೆ ಹಿಂದಿನದು ಇರಬಹುದು. ‘ಇರಬಹುದು’ ಅಷ್ಟೇ, ಏಕೆಂದರೆ ಹಳೇ ಹೆಸರು ರೂಢಿಯಲ್ಲಿ ಹಾಗೇ ಮುಂದುವರಿಯುತ್ತದೆ. ಪಿನ್‌ಕೋಡ್ ಮಾತ್ರ ಹುಟ್ಟುವ ಮೊದಲೇ ಅಚ್ಚಾಗಲಾರದು. ಹಾಗಾಗಿ ಹೊಸ ಗುರುತಿನ ಸಾಕ್ಷ್ಯವೇ ಗಟ್ಟಿ.

ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ‘ಶಿವಾನುಭವ’, ‘ನವಕರ್ನಾಟಕ’ ಪತ್ರಿಕೆಗಳನ್ನು ನಡೆಸಿದ ಊರು ವಿಜಯಪುರ. ಅಚ್ಚಿನ ಮೊಳೆ (ಸೀಸದ ಅಕ್ಷರ) ಜೋಡಿಸಿ ಅಚ್ಚು ಹಾಕಿದ ಹಾಳೆ ಹೇಗಿರುತ್ತದೆಂದು ಇಲ್ಲಿನ ಓದುಗರಿಗೆ ಗೊತ್ತಿರಬೇಕು. ಹಾಳೆಯ ಹಿಂಬದಿಗೆ ಬೆರಳಾಡಿಸಿದರೆ ಅಕ್ಷರ ಸಣ್ಣಗೆ ಉಬ್ಬಿರುವುದು ತಿಳಿಯುತ್ತದೆ. ಮೊಳೆ ಒತ್ತದೆ ಮುದ್ರಿಸುವ ಆಫ್‌ಸೆಟ್ ಹಾಳೆ ನುಣುಪು.

ಇನ್ನು ಸಹಿ. ಪುಟವನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿಯಿರಿ. ಬಾಲ್‌ಪೆನ್ನಾದರೆ ಗೆರೆ ಒತ್ತಿದ ತಗ್ಗು ಕಾಣುತ್ತದೆ. ಶಾಯಿಪೆನ್ನಾದರೆ ಶಾಯಿ ಕಾಗದದ ನಾರಿಗಿಳಿದು ಅಂಚು ತುಸು ಹರಡಿರುತ್ತದೆ, ಗೆರೆ ಒಂದನ್ನೊಂದು ದಾಟುವಲ್ಲಿ ಬಣ್ಣ ದಟ್ಟ. ಉದ್ದಕ್ಕೂ ಒಂದೇ ಬಣ್ಣ, ಒತ್ತಡದ ಏರಿಳಿತವೇ ಇಲ್ಲ ಎಂದರೆ ಅದು ಅಚ್ಚಾದ ಸಹಿ. ರಬ್ಬರ್ ಮೊಹರಿನ ಶಾಯಿ ಗೆರೆಯ ಅಂಚಿಗೆ ಸೇರಿಕೊಂಡಿರುತ್ತದೆ. ಸಹಿಯ ಪಕ್ಕ ‘ಇಂಥವರಿಗೆ, ವಿಶ್ವಾಸದಿಂದ’ ಎಂದಿದ್ದರೆ ಆ ಹೆಸರನ್ನು ದಯವಿಟ್ಟು ಅಳಿಸಬೇಡಿ. ಪುಸ್ತಕ ಯಾರ ಕೈ ದಾಟಿ ಬಂತೆಂಬುದಕ್ಕೆ ಅದೇ ದಾಖಲೆ.

ಕಾಪಾಡುವಾಗ ಆಗುವ ದೊಡ್ಡ ಹಾನಿ ಸೆಲ್ಲೋಟೇಪಿನದು. ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿದರೆ ತೆಗೆಯುವುದು ಬಹಳ ಕಷ್ಟ. ಪತ್ರಿಕೆಯ ಹಾಳೆಯ ಹೊದಿಕೆಯೂ ಬೇಡ, ಅದರ ಆಮ್ಲ ಮುಖಪುಟಕ್ಕೆ ದಾಟುತ್ತದೆ. ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಹೊದಿಕೆ ಹಾಕಿ. ವಿಜಯಪುರದ ಬೇಸಿಗೆಗೆ ಬೆನ್ನಿನ ಅಂಟು ಒಣಗಿ ಸೀಳುವುದರಿಂದ ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ. ಬೆಳಗಾವಿಯ ಮಳೆಗಾಲದಲ್ಲಿ ಬೂಷ್ಟಿನ ಕಾಟ ಹೆಚ್ಚು. ಅಲ್ಲಿ ಕಪಾಟನ್ನು ಹೊರಗೋಡೆಗೆ ತಾಗಿಸದೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿ.