ನಮ್ಮ ಕಟ್ಟಡ ಎಷ್ಟು ನೀರು ಕುಡಿಯುತ್ತದೆ?

ನ್ಯೂಯಾರ್ಕ್‌ನಲ್ಲಿ ದೊಡ್ಡ ಕಟ್ಟಡ ನೋಡಿಕೊಳ್ಳುವವರಿಗೆ ಮೇ 1 ಒಂದು ಗಡುವು. ಹಿಂದಿನ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ಕಟ್ಟಡ ಎಷ್ಟು ಕರೆಂಟ್, ಎಷ್ಟು ಗ್ಯಾಸ್, ಎಷ್ಟು ನೀರು ಬಳಸಿತು ಅನ್ನೋದನ್ನ ಅಷ್ಟರೊಳಗೆ ನಗರಕ್ಕೆ ತಿಳಿಸಬೇಕು. 2009ರ ಲೋಕಲ್ ಲಾ 84 ಎಂಬ ನಗರದ ಕಾನೂನು ಕೇಳುವುದು ಇದನ್ನೇ. ಮೊದಲು ಇದು 50,000 ಚದರ ಅಡಿ ಮೀರಿದ ಕಟ್ಟಡಗಳಿಗಿತ್ತು. 2016ರಲ್ಲಿ ತಿದ್ದುಪಡಿ ತಂದು ಮಿತಿಯನ್ನು 25,000 ಚದರ ಅಡಿಗೆ ಇಳಿಸಿದರು. ಗಡುವು ತಪ್ಪಿದರೆ 500 ಡಾಲರ್ ದಂಡ. ಆಮೇಲೂ ಕೊಡದಿದ್ದರೆ ಮೂರು ತಿಂಗಳಿಗೊಮ್ಮೆ ಮತ್ತೆ 500. ಹೀಗೆ ವರ್ಷಕ್ಕೆ 2,000 ಡಾಲರ್‌ವರೆಗೆ ಹೋಗುತ್ತದೆ.

ನಮ್ಮದು ಕ್ವೀನ್ಸ್‌ನಲ್ಲಿರುವ ಆರು ಮಹಡಿಯ ಹಳೇ ಇಟ್ಟಿಗೆ ಕಟ್ಟಡ. ಅರವತ್ತು ಮನೆ, 62,000 ಚದರ ಅಡಿ. ಕೋ-ಆಪ್ ಆದ್ದರಿಂದ ವಾಸ ಇರುವವರೇ ಮಾಲೀಕರು, ನಾವೇ ಆರಿಸಿದ ಬೋರ್ಡ್ ಎಲ್ಲ ನೋಡಿಕೊಳ್ಳುತ್ತದೆ. ಹಿಂದೆ ಈ ವರದಿಯನ್ನು ಒಬ್ಬ ಕನ್ಸಲ್ಟೆಂಟ್ ಮಾಡಿಕೊಡುತ್ತಿದ್ದರು. ವರದಿ ಸರಿಯಾಗಿ ಹೋಗುತ್ತಿತ್ತು, ದಂಡ ಬೀಳುತ್ತಿರಲಿಲ್ಲ. ಆದರೆ ಅದರಲ್ಲೇನಿದೆ ಅಂತ ಬೋರ್ಡ್‌ನಲ್ಲಿ ಯಾರೂ ಓದುತ್ತಿರಲಿಲ್ಲ. ನಾನು ಬೋರ್ಡ್‌ಗೆ ಬಂದ ವರ್ಷ ಈ ಕೆಲಸವನ್ನು ಕೇಳಿ ತೆಗೆದುಕೊಂಡೆ. ನಾವು ಬದುಕುವ ಜಾಗದ ಲೆಕ್ಕ ನಮಗೇ ಗೊತ್ತಿರಬೇಕು ಅಲ್ವಾ?

ಶುರು ಮಾಡಿದ ಮೇಲೆ ಒಂದು ವಿಷಯ ಹೊಳೆಯಿತು. ನಮ್ಮ ಕಟ್ಟಡದ ಒಟ್ಟು ಲೆಕ್ಕವನ್ನು ಅಲ್ಲಿ ವಾಸ ಇರುವ ಯಾರೂ ಯಾವತ್ತೂ ನೋಡಿಯೇ ಇಲ್ಲ. ಕರೆಂಟ್ ಬಿಲ್ ಅವರವರ ಮನೆಗೆ ಬರುತ್ತದೆ. ಮೆಟ್ಟಿಲ ದೀಪ, ಲಿಫ್ಟ್, ಪಂಪ್, ಇವುಗಳ ಬಿಲ್ ಮಾತ್ರ ಕಟ್ಟಡದ ಹೆಸರಿಗೆ. ಅಡುಗೆ ಗ್ಯಾಸ್ ಮನೆಯವರದು, ಬಾಯ್ಲರ್ ಗ್ಯಾಸ್ ಕಟ್ಟಡದ್ದು. ನೀರಿನ ಬಿಲ್ಲನ್ನು ಮ್ಯಾನೇಜ್‌ಮೆಂಟ್ ಕಂಪನಿ ಸುಮ್ನೆ ಕಟ್ಟಿಬಿಡುತ್ತದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಚೂರು. ಎಲ್ಲ ಸೇರಿಸಿ ಒಂದು ಕಡೆ ಬರೆಯಿರಿ ಅಂತ ಕಾನೂನು ಹೇಳದಿದ್ದರೆ ಯಾರೂ ಬರೆಯುತ್ತಿರಲಿಲ್ಲ.

ಬರೆಯಬೇಕಾದದ್ದು ಅಮೆರಿಕದ ಪರಿಸರ ಇಲಾಖೆ ಉಚಿತವಾಗಿ ಕೊಡುವ ಎನರ್ಜಿ ಸ್ಟಾರ್ ಪೋರ್ಟ್‌ಫೋಲಿಯೋ ಮ್ಯಾನೇಜರ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಮನೆಗಳ ಕರೆಂಟ್ ಲೆಕ್ಕಕ್ಕೆ ಅರವತ್ತು ಬಾಗಿಲು ತಟ್ಟಬೇಕಿಲ್ಲ. ಕೇಳಿಕೊಂಡರೆ ಕರೆಂಟ್ ಕಂಪನಿಯವರು ಇಡೀ ಕಟ್ಟಡದ ಮೊತ್ತವನ್ನೇ ಕೊಡುತ್ತಾರೆ. ಯಾರ ಮನೆಯಲ್ಲಿ ಎಷ್ಟು ಅನ್ನೋದು ನಮಗೆ ಕಾಣುವುದಿಲ್ಲ, ಅದು ಒಳ್ಳೆಯದೇ. ನೀರಿನ ಲೆಕ್ಕ ನಗರದ ನೀರಿನ ಇಲಾಖೆಯಿಂದ ನೇರವಾಗಿ ಬಂದು ಸೇರಿಕೊಳ್ಳುತ್ತದೆ.

ಏಪ್ರಿಲ್‌ನ ಒಂದು ಶನಿವಾರ ಬೆಳಗ್ಗೆ ಲಾಬಿಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಜೊತೆಗೆ ಬೋರ್ಡ್‌ನ ಖಜಾಂಚಿ. ಮೊದಲ ಪ್ರಶ್ನೆಯೇ ವಿಸ್ತೀರ್ಣ. ಇಡೀ ವರದಿ ನಿಂತಿರುವುದು ಅದರ ಮೇಲೆ, ಯಾಕೆಂದರೆ ಬಳಸಿದ ಶಕ್ತಿಯನ್ನೆಲ್ಲ ಚದರ ಅಡಿಯಿಂದ ಭಾಗಿಸುತ್ತಾರೆ. ಹೊರಗೋಡೆಯಿಂದ ಹೊರಗೋಡೆಗೆ ಅಳೆಯಬೇಕು. ಮೆಟ್ಟಿಲು, ಲಾಬಿ, ಬೇಸ್‌ಮೆಂಟ್, ಬಾಯ್ಲರ್ ರೂಮು ಎಲ್ಲ ಸೇರುತ್ತದೆ. ಪಾರ್ಕಿಂಗ್ ಸೇರುವುದಿಲ್ಲ.

"ಗ್ಯಾರೇಜನ್ನೂ ಸೇರಿಸಿದರೆ ಏನಾಗುತ್ತೆ? ಅಂಕ ಸ್ವಲ್ಪ ಮೇಲೆ ಹೋಗುತ್ತಲ್ಲ," ಅಂದರು ಖಜಾಂಚಿ.

ಅವರು ಕೆಟ್ಟವರಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ. ಈ ವರದಿಯಿಂದ ಕಟ್ಟಡಕ್ಕೆ 1ರಿಂದ 100ರವರೆಗೆ ಒಂದು ಅಂಕ ಬರುತ್ತದೆ. ಅಂಕದಿಂದ ದರ್ಜೆ. 85 ಮತ್ತು ಮೇಲಿದ್ದರೆ ಎ, 70ರಿಂದ ಬಿ, 55ರಿಂದ ಸಿ, ಅದಕ್ಕಿಂತ ಕೆಳಗೆ ಡಿ. ವರದಿಯನ್ನೇ ಕೊಡದವರಿಗೆ ಎಫ್. ಆ ಅಕ್ಷರವನ್ನು ಅಕ್ಟೋಬರ್ 31ರ ಒಳಗೆ ಮುಂಬಾಗಿಲ ಹತ್ತಿರ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಮನೆ ಕೊಳ್ಳಲು ಬಂದವರು ಒಳಗೆ ಕಾಲಿಡುವ ಮೊದಲೇ ಅದನ್ನು ಓದುತ್ತಾರೆ. ಮನೆ ಮಾರಿ ಮಗಳ ಊರಿಗೆ ಹೋಗಬೇಕು ಅಂತ ಕಾಯುತ್ತಿರುವವರಿಗೆ ಅದು ಸಣ್ಣ ವಿಷಯ ಅಲ್ಲ.

ಆದರೂ ನಾನು ಒಪ್ಪಲಿಲ್ಲ. ಗ್ಯಾರೇಜಿಗೆ ಹೀಟಿಂಗ್ ಇಲ್ಲ, ಅಲ್ಲಿ ಯಾರೂ ವಾಸ ಇಲ್ಲ. ಅದನ್ನು ಸೇರಿಸಿದರೆ ಅಕ್ಷರ ಬದಲಾದೀತು, ಬಾಯ್ಲರ್ ಸುಡುವ ಗ್ಯಾಸ್ ಬದಲಾಗುವುದಿಲ್ಲ. ಈ ಅಂಕಿಗಳನ್ನು ನಗರ ಪ್ರತಿ ವರ್ಷ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಪಕ್ಕದ ಬೀದಿಯ ಕಟ್ಟಡದ ಲೆಕ್ಕ ನೋಡಿ ನಾವು ಕಲಿಯುವ ಹಾಗೆ, ನಮ್ಮ ಲೆಕ್ಕ ನೋಡಿ ಇನ್ಯಾರೋ ತಮ್ಮ ಬಾಯ್ಲರ್ ಬದಲಿಸುವ ನಿರ್ಧಾರ ಮಾಡಬಹುದು. ನಾವು ಹೀಗೆ ಮಾತಾಡಿ, ಹಳೇ ನಕ್ಷೆ ತೆಗೆದು, ಗ್ಯಾರೇಜನ್ನು ಬೇರೆಯಾಗಿಯೇ ನಮೂದಿಸಿದೆವು.

ಆಮೇಲೆ ಮೀಟರ್‌ಗಳು. ಕರೆಂಟ್ ಬೇಗ ಮುಗಿಯಿತು. ವರ್ಷದಿಂದ ವರ್ಷಕ್ಕೆ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು, ಸುಮಾರು 2,50,000 ಕಿಲೋವ್ಯಾಟ್ ಅವರ್. ನೀರಿನ ಹತ್ತಿರ ಬಂದಾಗ ಇಬ್ಬರೂ ತಡೆದೆವು. ಇಲ್ಲಿ ನೀರನ್ನು ನೂರು ಘನ ಅಡಿಯ ಲೆಕ್ಕದಲ್ಲಿ ಅಳೆಯುತ್ತಾರೆ. ಅಂಥ ಒಂದು ಅಳತೆ ಅಂದರೆ 748 ಗ್ಯಾಲನ್. ಅದರ ಹಿಂದಿನ ವರ್ಷ ಸುಮಾರು 4,400 ಅಳತೆ ಇದ್ದದ್ದು ಕಳೆದ ವರ್ಷ 5,400 ಆಗಿತ್ತು. ಮನೆಗಳು ಅಷ್ಟೇ, ಜನರೂ ಅಷ್ಟೇ. ಏಳು ಲಕ್ಷ ಗ್ಯಾಲನ್‌ಗಿಂತ ಜಾಸ್ತಿ ನೀರು ಎಲ್ಲಿ ಹೋಯಿತು?

ದುಡ್ಡಿನ ಮಾತು ಬೇರೆಯೇ ಇದೆ. ಈ ನಗರದಲ್ಲಿ ನೀರಿನ ಶುಲ್ಕದ ಮೇಲೆ ಅದರ 159% ಒಳಚರಂಡಿ ಶುಲ್ಕ ಬೀಳುತ್ತದೆ. ಸೋರಿಹೋದ ನೀರಿಗೂ ಎರಡೂವರೆ ಪಟ್ಟು ಕಟ್ಟಬೇಕು. ನನ್ನ ಮನಸ್ಸಿಗೆ ನಾಟಿದ್ದು ದುಡ್ಡಲ್ಲ. ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ, ಡೆಲವೇರ್ ನದಿಯ ಮೇಲ್ಭಾಗದಿಂದ, 125 ಮೈಲಿವರೆಗೂ ಹರಿದು ಬರುವ ನೀರು ಅದು. ಅದಕ್ಕಾಗಿ ಹಳ್ಳಿಗಳನ್ನೇ ಖಾಲಿ ಮಾಡಿಸಿ ಜಲಾಶಯ ಕಟ್ಟಿದ್ದಾರೆ. ಅಂಥ ನೀರು ನಮ್ಮ ಕಟ್ಟಡದಲ್ಲಿ ಯಾರ ಬಾಯಿಗೂ ಸೇರದೆ ಚರಂಡಿಗೆ ಹೋಗುತ್ತಿತ್ತು.

ಗ್ಯಾಸ್ ಅಂಕಿಗಳನ್ನು ತಿಂಗಳು ತಿಂಗಳು ತುಂಬುವಾಗ ಇನ್ನೊಂದು ಸುಳಿವು ಸಿಕ್ಕಿತು. ಚಳಿಗಾಲದ ಗ್ಯಾಸ್ ನೋಡಿ ಏನೂ ಹೇಳೋಕಾಗಲ್ಲ, ಒಂದು ವರ್ಷ ಚಳಿ ಜಾಸ್ತಿ, ಒಂದು ವರ್ಷ ಕಡಿಮೆ. ಜುಲೈ ಹಾಗಲ್ಲ. ಜುಲೈಯಲ್ಲಿ ಹೀಟಿಂಗ್ ಇಲ್ಲ, ಬಾಯ್ಲರ್ ಬರೀ ಬಿಸಿನೀರು ಕಾಯಿಸುತ್ತದೆ. ಬಾಯ್ಲರ್ ಮೀಟರ್‌ನಲ್ಲಿ ಅದರ ಹಿಂದಿನ ವರ್ಷದ ಜುಲೈ 1,150 ಥರ್ಮ್ (ಗ್ಯಾಸ್ ಲೆಕ್ಕದ ಅಳತೆ), ಕಳೆದ ಜುಲೈ 1,350. ಅಂದರೆ ಸೋರುತ್ತಿದ್ದದ್ದು ತಣ್ಣೀರು ಮಾತ್ರ ಅಲ್ಲ. ಎಲ್ಲೋ ಒಂದು ಕಡೆ ಬಿಸಿನೀರೂ ಹೋಗುತ್ತಿದೆ.

ಸೂಪರ್‌ಗೆ ಫೋನ್ ಮಾಡಿದೆ. ಇಲ್ಲಿ ಕಟ್ಟಡದಲ್ಲೇ ಇದ್ದು ಬಾಯ್ಲರ್‌ನಿಂದ ಕಸದವರೆಗೆ ಎಲ್ಲ ನೋಡಿಕೊಳ್ಳುವವರನ್ನು ಸೂಪರ್ ಅಂತಾರೆ. ನಮ್ಮವರು ಈ ಪೈಪುಗಳ ಜೊತೆ ಇಪ್ಪತ್ತು ವರ್ಷ ಕಳೆದವರು. ಅಂಕಿ ಕೇಳಿ ಒಂದು ಕ್ಷಣ ಸುಮ್ಮನಾದರು.

"ರಾತ್ರಿ ಎರಡು ಗಂಟೆಗೆ ಕೆಳಗೆ ಬನ್ನಿ," ಅಂದರು. "ಆಗ ಎಲ್ಲರೂ ಮಲಗಿರ್ತಾರೆ. ಆಗ ಓಡೋ ನೀರೇ ಸೋರೋ ನೀರು."

ಬೇಸ್‌ಮೆಂಟ್‌ನಲ್ಲಿ ನೀರಿನ ಮೀಟರ್ ಇರುವುದು ಮುಂದಿನ ಗೋಡೆಗೆ ಒತ್ತಿಕೊಂಡು, ರಸ್ತೆಯಿಂದ ಪೈಪ್ ಒಳಗೆ ಬರುವ ಜಾಗದಲ್ಲಿ. ಹಿತ್ತಾಳೆ ಮೈ ತಣ್ಣಗೆ ಬೆವೆತಿತ್ತು. ಸೂಪರ್ ಮುಚ್ಚಳ ಎತ್ತಿ ಟಾರ್ಚ್ ಹಿಡಿದರು. ಸಣ್ಣ ಮುಳ್ಳು ನಿಲ್ಲದೆ ತಿರುಗುತ್ತಿತ್ತು. ಅವರು ಅಂಗೈ ಮೇಲೆ ಪೆನ್ನಿನಲ್ಲಿ ರೀಡಿಂಗ್ ಬರೆದುಕೊಂಡರು. ನಾಲ್ಕು ಗಂಟೆಗೆ ಮತ್ತೆ ನೋಡಿದೆವು. ಎರಡು ಗಂಟೆಯಲ್ಲಿ 30 ಘನ ಅಡಿ, ಅಂದರೆ ಸುಮಾರು 224 ಗ್ಯಾಲನ್. ಅದರಲ್ಲಿ ನಡುರಾತ್ರಿ ಯಾರೋ ಎದ್ದು ಬಳಸಿದ್ದು ಸ್ವಲ್ಪ ಇದ್ದೀತು, ಅಷ್ಟೇ.

ಭಾನುವಾರ ಮನೆ ಮನೆಗೆ ಹೋದೆವು. ಉಪಾಯ ಸುಲಭ. ಫ್ಲಶ್ ಟ್ಯಾಂಕಿಗೆ ಅಡುಗೆಗೆ ಹಾಕುವ ಬಣ್ಣದ ನಾಲ್ಕು ಹನಿ ಬಿಟ್ಟು, ಫ್ಲಶ್ ಮಾಡದೆ ಹದಿನೈದು ನಿಮಿಷ ಕಾಯಬೇಕು. ಕಮೋಡಿನ ನೀರಿಗೆ ಬಣ್ಣ ಇಳಿದರೆ ಟ್ಯಾಂಕಿನ ತಳದ ರಬ್ಬರ್ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಶಬ್ದ ಬರುವುದಿಲ್ಲ, ನೆಲ ಒದ್ದೆಯಾಗುವುದಿಲ್ಲ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅಂಥ ಒಂದು ಟ್ಯಾಂಕ್ ದಿನಕ್ಕೆ 200 ಗ್ಯಾಲನ್ ಕಳೆಯಬಲ್ಲದು. ನಮ್ಮಲ್ಲಿ ಎಂಟು ಮನೆಗಳಲ್ಲಿ ಬಣ್ಣ ಇಳಿಯಿತು. ರಬ್ಬರ್ ಮುಚ್ಚಳದ ಬೆಲೆ ಕೆಲವೇ ಡಾಲರ್. ಸೂಪರ್ ಹತ್ತಿರ ಒಂದು ಡಬ್ಬಿ ತುಂಬ ಇದ್ದವು, ಅಲ್ಲಲ್ಲೇ ಬದಲಿಸುತ್ತಾ ಹೋದರು.

ಬಿಸಿನೀರು ಸಿಕ್ಕಿದ್ದು ಆರನೇ ಮಹಡಿಯಲ್ಲಿ, ಒಂಟಿಯಾಗಿರುವ ಒಬ್ಬ ಅಜ್ಜಿಯ ಮನೆಯಲ್ಲಿ. ಸ್ನಾನದ ತೊಟ್ಟಿಯ ನಲ್ಲಿಗೆ ಒಂದು ಟವೆಲ್ ಕಟ್ಟಿದ್ದರು. ಅದರ ತುದಿ ತೊಟ್ಟಿಯ ತಳ ಮುಟ್ಟುತ್ತಿತ್ತು. ಬಿಸಿನೀರು ಬಟ್ಟೆಗುಂಟ ಸದ್ದಿಲ್ಲದೆ ಇಳಿದು ಹೋಗುತ್ತಿತ್ತು. ಶಬ್ದಕ್ಕೆ ನಿದ್ದೆ ಬರುವುದಿಲ್ಲ ಅಂತ ಕಟ್ಟಿದ್ದು.

"ಯಾವಾಗಿಂದ ಹೀಗಿದೆ?" ಅಂತ ಕೇಳಿದೆ.

"ಒಂದೂವರೆ ವರ್ಷ ಆಗಿರಬಹುದು. ಸಣ್ಣ ವಿಷಯ, ನಿಮಗ್ಯಾಕೆ ತೊಂದರೆ ಕೊಡೋದು ಅಂತ ಹೇಳಲಿಲ್ಲ," ಅಂದರು. ಸೂಪರ್ ಅವರ ಎದುರು ಒಂದು ಮಾತೂ ಆಡದೆ, ಕೆಳಗೆ ಹೋಗಿ ವಾಲ್ವ್ ಮುಚ್ಚಿ ಬಂದು, ನಲ್ಲಿ ಬಿಚ್ಚಿ ಒಳಗಿನ ಸವೆದ ವಾಷರ್ ತೋರಿಸಿದರು. ಅದರ ಅಂಚು ಒಂದು ಕಡೆ ಪೂರ್ತಿ ಹರಿದಿತ್ತು. ಅಜ್ಜಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಇಷ್ಟೇನಾ ಅಂದರು.

ಇದರಲ್ಲಿ ಅವರ ತಪ್ಪು ಏನೂ ಇಲ್ಲ ಅಂತ ನನ್ನ ಅಭಿಪ್ರಾಯ. ಬಿಸಿನೀರಿಗೆ ಅವರಿಗೆ ಬಿಲ್ ಬರುವುದಿಲ್ಲ. ಬಿಲ್ ಹೋಗುವ ಕಡೆ ಯಾರೂ ಅವರ ನಲ್ಲಿ ನೋಡುವುದಿಲ್ಲ. ಎರಡನ್ನೂ ಜೋಡಿಸುವ ಒಂದು ಕಾಗದ ಬೇಕಿತ್ತು.

ವಾರದೊಳಗೆ ವರದಿ ಸಿದ್ಧವಾಯಿತು. ಪೋರ್ಟ್‌ಫೋಲಿಯೋ ಮ್ಯಾನೇಜರ್‌ನಲ್ಲಿ ತಪ್ಪು ಹುಡುಕುವ ಒಂದು ತಪಾಸಣೆ ಇದೆ. ಬಿಲ್‌ಗಳ ನಡುವೆ ದಿನಗಳು ಬಿಟ್ಟುಹೋದರೆ, ಒಂದರ ಮೇಲೊಂದು ಬಂದರೆ ಅದು ಹೇಳುತ್ತದೆ. ಅದನ್ನು ಓಡಿಸದೆ ಯಾರೂ ಕಳಿಸಬೇಡಿ. ನಗರ ಕೊಟ್ಟ ಲಿಂಕ್ ತೆರೆದು, ತೆರಿಗೆ ದಾಖಲೆಯಲ್ಲಿರುವ ನಮ್ಮ ಕಟ್ಟಡದ ಬರೋ, ಬ್ಲಾಕ್, ಲಾಟ್ ಸಂಖ್ಯೆ ಸರಿಯಿದೆಯೇ ಅಂತ ನೋಡಿ ಕಳಿಸಿದೆ. ನಮಗೆ ಬಂದ ಅಂಕ 58. ಸಿ. ಖಜಾಂಚಿ ಬೇಜಾರು ಮಾಡಿಕೊಳ್ಳಲಿಲ್ಲ. ಸೋರಿಕೆ ನಿಂತ ಮೇಲಿನ ತಿಂಗಳುಗಳು ಮುಂದಿನ ವರ್ಷದ ಲೆಕ್ಕಕ್ಕೆ ಬರುತ್ತವಲ್ಲ ಅಂದರು.

ದೊಡ್ಡ ಚಿಂತೆ ಬೇರೆ ಇದೆ. ನ್ಯೂಯಾರ್ಕ್‌ನ ಹಸಿರುಮನೆ ಅನಿಲದಲ್ಲಿ ಮೂರರಲ್ಲಿ ಎರಡು ಪಾಲು ಬರುವುದು ಕಟ್ಟಡಗಳಿಂದ. ಅದಕ್ಕೇ 2019ರ ಲೋಕಲ್ ಲಾ 97 ಲೆಕ್ಕ ಬರೆಯುವಷ್ಟಕ್ಕೆ ನಿಲ್ಲದೆ ಮಿತಿಯನ್ನೂ ಹಾಕಿದೆ. ಮಿತಿ ಮೀರಿದ ಪ್ರತಿ ಟನ್‌ಗೆ 268 ಡಾಲರ್ ದಂಡ. ನಮ್ಮ ಬಾಯ್ಲರ್ ಮತ್ತು ಒಲೆಗಳು ಸೇರಿ ವರ್ಷಕ್ಕೆ 45,000 ಥರ್ಮ್ ಗ್ಯಾಸ್ ಸುಡುತ್ತವೆ. ಒಂದು ಥರ್ಮ್‌ಗೆ 5.3 ಕಿಲೋ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 239 ಟನ್. 2024ರಿಂದ 2029ರವರೆಗೆ ನಮ್ಮಂಥ ವಸತಿ ಕಟ್ಟಡಕ್ಕೆ ಮಿತಿ 418 ಟನ್, ಹಾಗಾಗಿ ಈಗ ತೊಂದರೆ ಇಲ್ಲ. 2030ರಿಂದ ಅದು ಸುಮಾರು 207 ಟನ್‌ಗೆ ಇಳಿಯುತ್ತದೆ. ಕರೆಂಟ್ ಬಿಟ್ಟು ಬರೀ ಗ್ಯಾಸ್‌ನಿಂದಲೇ ನಾವು ಮೀರುತ್ತೇವೆ. ವರ್ಷಕ್ಕೆ ಎಂಟು ಸಾವಿರ ಡಾಲರ್‌ಗಿಂತ ಹೆಚ್ಚು ದಂಡ.

ಮೇ ತಿಂಗಳ ಸಭೆಯಲ್ಲಿ ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಹಂಚಿದೆ. ನಮ್ಮಲ್ಲಿ ಹಬೆಯ ಹೀಟಿಂಗ್. ಮೂರನೇ ಮಹಡಿಯವರು ಜನವರಿಯಲ್ಲಿ ಸೆಕೆ ತಡೆಯಲಾಗದೆ ಕಿಟಕಿ ತೆಗೆಯುತ್ತಾರೆ, ಮೂಲೆಯ ಮನೆಯವರು ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಕಿಟಕಿಯಿಂದ ಹೊರಗೆ ಹೋಗುವುದು ಎಷ್ಟು ಟನ್ ಅಂತ ಮೊದಲ ಸಲ ಮಾತಾಡಿದೆವು. ಬಿಸಿ ಜಾಸ್ತಿಯಾಗುವ ಮನೆಗಳ ರೇಡಿಯೇಟರ್‌ಗಳಿಗೆ ಕೋಣೆಯ ಬಿಸಿ ನೋಡಿ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಬೇಕು, ಹಬೆ ತಡೆದು ತಣಿದ ನೀರನ್ನಷ್ಟೇ ಬಿಡುವ ಸ್ಟೀಮ್ ಟ್ರ್ಯಾಪ್‌ಗಳಲ್ಲಿ ಕೆಟ್ಟವನ್ನು ಬದಲಿಸಬೇಕು ಅಂತ ತೀರ್ಮಾನ ಆಯಿತು. ಹೀಟಿಂಗ್ ಕಾಲ ಮೇ 31ಕ್ಕೆ ಮುಗಿಯುತ್ತದೆ, ಕೆಲಸ ಜೂನ್‌ನಲ್ಲಿ ಶುರು. ನೀರಿನ ಮೀಟರನ್ನು ತಿಂಗಳಿಗೊಮ್ಮೆ ರಾತ್ರಿ ಓದುವುದನ್ನು ಸೂಪರ್ ತಾವೇ ಒಪ್ಪಿಕೊಂಡಿದ್ದಾರೆ. ಆ ರೀಡಿಂಗ್ ಈಗ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡ್‌ಗೆ ಬರುತ್ತದೆ.