ಚುಕ್ಕಿ ಎದ್ದಿದ್ದಕ್ಕೇ ಟಿಕೆಟ್ ಕ್ಲೋಸ್ ಮಾಡಿದ್ದೆ

ಮೂರನೇ ಮಹಡಿಯ ಕಣ್ಣು ಕಾಣದ ಮೇಡಂಗೆ 40 ಸೆಲ್ಲಿನ ಬ್ರೈಲ್ ಡಿಸ್‌ಪ್ಲೇ ಬಂತು. ಕಂಪ್ಯೂಟರಿನ ಪಠ್ಯವನ್ನು ಬೆರಳಿಗೆ ಸಿಗುವ ಚುಕ್ಕಿಗಳಾಗಿ ಎಬ್ಬಿಸುವ ಸಾಧನ ಅದು; ಒಂದು ಗುಂಪು ಚುಕ್ಕಿಗೆ ಒಂದು ಸೆಲ್ಲು. ಇನ್‌ಸ್ಟಾಲ್ ಮಾಡುವ ಟಿಕೆಟ್, ಅಂದರೆ ಐಟಿಯವರಿಗೆ ಬರುವ ಕೆಲಸದ ಕೋರಿಕೆ, ನನ್ನ ತಲೆಗೆ ಬಿತ್ತು. ಬ್ಲೂಟೂತ್ ಪಾಲಿಸಿಯಲ್ಲೇ ಬಂದ್. ಯುಎಸ್‌ಬಿ ಡ್ರೈವರ್ ಹಾಕೋಣವೆಂದರೆ ಅಡ್ಮಿನ್ ಅಪ್ರೂವಲ್‌ಗೆ ಮೂರು ದಿನ. ಇದು ಪೆನ್‌ಡ್ರೈವ್ ಅಲ್ಲ ಎಂದು ಸೆಕ್ಯುರಿಟಿ ಟೀಮಿಗೆ ಒಪ್ಪಿಸುವಷ್ಟರಲ್ಲಿ ಅರ್ಧ ಜೀವ ಹೋಗಿತ್ತು.

ಕೊನೆಗೆ ಕೇಬಲ್ ಚುಚ್ಚಿ, ಪರದೆಯಲ್ಲಿರುವುದನ್ನು ದನಿಯಲ್ಲೂ ಬ್ರೈಲ್‌ನಲ್ಲೂ ಕೊಡುವ ಎನ್‌ವಿಡಿಎ ಎಂಬ ಸಾಫ್ಟ್‌ವೇರಿನ ಸೆಟ್ಟಿಂಗ್ಸಿನಲ್ಲಿ ಡಿಸ್‌ಪ್ಲೇ ಆರಿಸಿ ಓಕೆ ಕೊಟ್ಟೆ. ಕಟಕಟ ಎಂದು ಚುಕ್ಕಿಗಳೆದ್ದವು. ಮೇಡಂ ಊಟಕ್ಕೆ ಹೋಗಿದ್ದರು. ಕಾಯೋದೇನಕ್ಕೆ ಎಂದು ಎದ್ದ ಚುಕ್ಕಿಗಳ ಫೋಟೋ ತೆಗೆದು, ಟಿಕೆಟ್‌ಗೆ ಅಂಟಿಸಿ, ರಿಸಾಲ್ವ್ಡ್ ಹಾಕಿದೆ. ಎಸ್‌ಎಲ್‌ಎ, ಅಂದರೆ ಕೊಟ್ಟ ಗಡುವಿನ ಒಳಗೇ ಮುಗಿಸಿದ ಖುಷಿ ಬೇರೆ.

ಮರುದಿನ 11ಕ್ಕೆ ರಿವ್ಯೂ. ಎಂಟು ನಿಮಿಷ ಮುಂಚೆ ಮೇಡಂ ಫೋನ್: "ಕಾನ್ಫರೆನ್ಸ್ ಹಾಲ್‌ಗೆ ಸ್ವಲ್ಪ ಬರ್ತೀರಾ?"

ಲಿಫ್ಟ್ ಬರಲಿಲ್ಲ, ಮೆಟ್ಟಿಲು ಹತ್ತಿದೆ. ಮೇಡಂ ಸಾಲಿನ ಮೇಲೆ ಬೆರಳಾಡಿಸುತ್ತಾ ಓದಿದರು: "ಎಕ್ಸ್, ಸೊನ್ನೆ, ಸಿ, ಒಂಬತ್ತು, ಐದು. ನಾನು ತೆಗ್ದಿರೋದು ಕರಡು ನಡಾವಳಿ. ನಿನ್ನೆ ಇಂಗ್ಲಿಷ್ ಮೇಲ್‌ಗಳೆಲ್ಲ ಸರಿಯಾಗೇ ಬಂದ್ವಲ್ಲ?"

ಅಷ್ಟು ಹೇಳಿದ ಮೇಲೂ ನನಗೆ ಹೊಳೆಯಲಿಲ್ಲ. ಯೂನಿಕೋಡಿನಲ್ಲಿ 0ಸಿ95 ಎಂದರೆ 'ಕ'. ಯಾವ ಅಕ್ಷರಕ್ಕೆ ಯಾವ ಚುಕ್ಕಿ ಎಂದು ಹೇಳುವ ಔಟ್‌ಪುಟ್ ಟೇಬಲ್ ಇಂಗ್ಲಿಷಿನದು, ಅದಕ್ಕೆ ಕನ್ನಡ ಬಾರದು. ಅಕ್ಷರದ ಬದಲು ಅದರ ನಂಬರನ್ನೇ ಎಬ್ಬಿಸುತ್ತಿತ್ತು. ಒಂದಕ್ಷರಕ್ಕೆ ಏಳೆಂಟು ಸೆಲ್ಲು ಖರ್ಚು. 'ಕರಡು' ಎಂಬ ಪದಕ್ಕೇ ಸಾಲು ಹೆಚ್ಚುಕಡಿಮೆ ತುಂಬಿಹೋಗುತ್ತದೆ. ಈ ಜಾಣತನವೆಲ್ಲ ಈಗಿನದು. ಆಗ ನಾನಂದದ್ದು, "ಪಿನ್ ಹೋಗಿರ್ಬೇಕು ಮೇಡಂ, ಹಾರ್ಡ್‌ವೇರ್ ಪ್ರಾಬ್ಲಂ."

ಸಾಹೇಬರು ಬಂದು ಕೂತರು. ಎಲ್ಲರ ಕಣ್ಣು ನನ್ನ ಮೇಲೆ. ಗಾಬರಿಯಲ್ಲಿ ಮೇಡಂ ಕೈ ದಾಟಿ ಕೀಬೋರ್ಡಿಗೆ ಕೈ ಹಾಕಿ, ಟಾಸ್ಕ್ ಮ್ಯಾನೇಜರ್ ತೆಗೆದು ಎನ್‌ವಿಡಿಎಗೆ ಎಂಡ್ ಟಾಸ್ಕ್ ಕೊಟ್ಟೆ. ಅವರ ಬೆರಳ ಕೆಳಗೆ ಚುಕ್ಕಿಗಳೆಲ್ಲ ಒಟ್ಟಿಗೆ ಮಲಗಿದವು. ದನಿಯೂ ನಿಂತಿತು.

"ಈಗ ನನ್ನ ಮಾನಿಟರ್ ಆಫ್ ಮಾಡಿದ್ರಿ," ಎಂದರು, ಮೆಲ್ಲಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಂಟ್ರೋಲ್, ಆಲ್ಟ್, ಎನ್ ಒತ್ತಿ ತಾವೇ ಮತ್ತೆ ಶುರು ಮಾಡಿಕೊಂಡರು. ಇಯರ್‌ಫೋನ್ ಒಂದು ಕಿವಿಗೆ ಸಿಕ್ಕಿಸಿ ಸೆಟ್ಟಿಂಗ್ಸ್, ಬ್ರೈಲ್, ಔಟ್‌ಪುಟ್ ಟೇಬಲ್ ಎಂದು ಇಳಿಯುತ್ತಾ ಹೋದರು. ನಾನು ಮೌಸ್ ಹುಡುಕುತ್ತಾ ನಿಂತಿದ್ದೆ. ಪಟ್ಟಿಯಲ್ಲಿ 'ಕೆ' ಒತ್ತಿ, 'ಕನ್ನಡ ಗ್ರೇಡ್ 1' ಕೇಳಿಸಿದ ಕೂಡಲೇ ಎಂಟರ್ ಹೊಡೆದರು.

"ಒಂದನೇ ಚುಕ್ಕಿ, ಮೂರನೇ ಚುಕ್ಕಿ. ಕ. ಬಂತು."

ಇಯರ್‌ಫೋನ್ ತೆಗೆದಿಟ್ಟು ನಡಾವಳಿ ಓದಿದರು. ಮಧ್ಯೆ ಸಾಹೇಬರ ಪ್ರಶ್ನೆಗಳಿಗೂ ತಡವರಿಸದೆ ಉತ್ತರ ಕೊಟ್ಟರು. ಕಿವಿ ಖಾಲಿ ಇರಲಿ ಎಂದೇ ಈ ಡಿಸ್‌ಪ್ಲೇಗೆ ಎರಡು ವರ್ಷ ಫೈಲ್ ಓಡಿಸಿದ್ದರಂತೆ. ನಾನು ಕೇಳಿದ್ದರೆ ತಾನೇ ಗೊತ್ತಾಗೋದು.

ಎನ್‌ವಿಡಿಎ ಟೂಲ್ಸ್ ಮೆನುವಿನಲ್ಲಿ ಬ್ರೈಲ್ ವ್ಯೂವರ್ ಇದೆ. ಚುಕ್ಕಿಯ ಸಾಲು ಪರದೆಯ ಮೇಲೇ ಕಾಣುತ್ತದೆ, ಕಣ್ಣಿದ್ದೂ ಓದಲು ಬಾರದ ನನ್ನಂಥವರಿಗಾಗಿ. ಮೊದಲ ದಿನವೇ ಅದನ್ನು ತೆರೆದು ಕನ್ನಡದ ಫೈಲೊಂದನ್ನು ನೋಡಿದ್ದರೆ ಸಾಕಿತ್ತು. ಮೇಡಂ ಊಟ ಮುಗಿಸಿ ಬರುವತನಕ ಕೂತಿದ್ದರೆ ಅದೂ ಬೇಕಿರಲಿಲ್ಲ.

ಟಿಕೆಟ್ ರೀಓಪನ್ ಆಯ್ತು. ತಪ್ಪಿನ ಮೂಲ ಕಾರಣ ಬರೆಯುವ ಆರ್‌ಸಿಎ ಫಾರ್ಮಿನ ಡ್ರಾಪ್‌ಡೌನಿನಲ್ಲಿ ಹಾರ್ಡ್‌ವೇರ್, ಸಾಫ್ಟ್‌ವೇರ್, ನೆಟ್‌ವರ್ಕ್, ಯೂಸರ್ ಎರರ್ ಇವೆ. ಇಂಜಿನಿಯರ್ ಎರರ್ ಇಲ್ಲ. 'ಅದರ್ಸ್' ಒತ್ತಿದೆ. ಕ್ಲೋಷರ್‌ಗೆ ಫೋಟೋ ಕಡ್ಡಾಯ ಎಂದು ಮ್ಯಾನೇಜರ್ ವಾಪಸ್ ಕಳಿಸಿದರು. ಮತ್ತೆ ಮೂರನೇ ಮಹಡಿಗೆ ಹೋಗಿ, ಚುಕ್ಕಿಗಳ ಫೋಟೋ ತೆಗೆದುಕೊಂಡು ಬಂದೆ.