ಕಿತ್ತಳೆ ದೀಪ ಹಸಿರಾಗುವ ತನಕ

ಅಂತೂ ಎಂಟು ಮೆಷಿನುಗಳೂ ಪೆನ್‌ಡ್ರೈವ್ ಮುಟ್ಟದೆ ಬೂಟ್ ಆದವು. ಮೂರು ಭಾನುವಾರ ಹೋಯಿತು, ಇರಲಿ.

ಉಡುಪಿ ಕಲ್ಸಂಕದ ಹತ್ತಿರ ಭಾವನ ಕಂಪ್ಯೂಟರ್ ಕ್ಲಾಸ್ ಉಂಟು. ಅಲ್ಲಿಯ ಹಳೆ ಡೆಸ್ಕ್‌ಟಾಪುಗಳಿಗೆ ನೆಟ್‌ವರ್ಕಿನಿಂದಲೇ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಹಾಕುವ ಹುಚ್ಚು ನನ್ನದು. ಸರ್ವರ್ ಎಂದರೆ ಸ್ಕ್ರೀನ್ ಒಡೆದ ನನ್ನ ಲ್ಯಾಪ್‌ಟಾಪ್. ಅದರಲ್ಲಿ ನೆಟ್‌ವರ್ಕ್ ಬೂಟಿಗೆ ನೆರವಾಗುವ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಂ, ಪ್ರಾಕ್ಸಿ ಮೋಡಿನಲ್ಲಿ. ಅಂದರೆ ಐಪಿ (ನೆಟ್‌ವರ್ಕ್ ವಿಳಾಸ) ಹಂಚುವುದು ರೂಟರ್, ಬೂಟ್ ಫೈಲ್ ಯಾವುದೆಂದು ಹೇಳುವುದು ನಾವು. ಮನೆಯಲ್ಲಿ ಐದು ಪೋರ್ಟಿನ ಅಗ್ಗದ ಸ್ವಿಚ್ಚಿನಲ್ಲಿ ಮೊದಲ ಸಲಕ್ಕೇ ಓಡಿತ್ತು.

ಕ್ಲಾಸಿನಲ್ಲಿ ಮಾತ್ರ ಪಿಎಕ್ಸ್‌ಇ-ಇ51 ಎಂಬ ನೆಟ್‌ವರ್ಕ್ ಬೂಟಿನ ಎರರ್. ಐಪಿ ಕೊಡುವ ಉತ್ತರ, ಅಂದರೆ ಡಿಎಚ್‌ಸಿಪಿ ಆಫರ್, ಬರಲೇ ಇಲ್ಲವಂತೆ. ನೆಟ್‌ವರ್ಕಿನಲ್ಲಿ ಓಡುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕುಳಿತರೆ, ಮೆಷಿನ್ ಐಪಿ ಕೇಳುವ ಡಿಸ್ಕವರ್ ಒಂದೂ ಸರ್ವರ್ ತನಕ ಬರುವುದಿಲ್ಲ. ಅದೇ ಕೇಬಲ್ಲಿನಲ್ಲಿ ಪೆನ್‌ಡ್ರೈವಿನಿಂದ ಲಿನಕ್ಸ್ ಬಿಟ್ಟರೆ ಐಪಿ ಸಿಗುತ್ತದೆ! ಮಂಡೆಬೆಚ್ಚ. ಒಂದಿಡೀ ಭಾನುವಾರ ಕೇಬಲ್ ತುದಿಯ ಆರ್‌ಜೆ45 ಪ್ಲಗ್ ಎಲ್ಲ ಕತ್ತರಿಸಿ ಪುನಃ ಕ್ರಿಂಪ್ ಮಾಡಿದೆ. "ಪೆನ್‌ಡ್ರೈವಿನಲ್ಲಿ ಹಾಕಿದ್ದರೆ ಇಷ್ಟೊತ್ತಿಗೆ ಮುಗೀತಿತ್ತಲ್ಲ ಮಾರಾಯಾ" ಅಂದ ಭಾವ. ನಾನು ಕೇಳಿಸದವನ ಹಾಗೆ ಗೋಳಿಬಜೆ ತಿಂದೆ.

ಗುಟ್ಟು ಬಿಟ್ಟುಕೊಟ್ಟದ್ದು ಆಟಿ ತಿಂಗಳ ಮಳೆ. ಕರೆಂಟ್ ಹೋಯಿತು. ಇನ್ವರ್ಟರಿನಲ್ಲಿ ಸ್ವಿಚ್, ಸರ್ವರ್, ಒಂದು ಮೆಷಿನ್ ಮಾತ್ರ. ಕತ್ತಲೆಯಲ್ಲಿ ಸ್ವಿಚ್ಚಿನ ಮೇಲೆ ಆ ಮೆಷಿನಿನ ಪೋರ್ಟಿನ ದೀಪ ಕಿತ್ತಳೆ. ಸ್ಕ್ರೀನಿನಲ್ಲಿ ಇ51 ಬಿತ್ತು. ಅದಾದ ಮೇಲೆ ದೀಪ ನಿಧಾನವಾಗಿ ಹಸಿರಾಯಿತು, ಅಣಕಿಸಿದ ಹಾಗೆ.

ಸ್ಪ್ಯಾನಿಂಗ್ ಟ್ರೀ! ಸ್ವಿಚ್ಚುಗಳ ನಡುವೆ ಡೇಟಾ ಸುತ್ತುತ್ತಲೇ ಇರುವ ಲೂಪ್ ತಪ್ಪಿಸಲಿಕ್ಕೆಂದು 1985ರಲ್ಲಿ ಇಂಜಿನಿಯರ್ ರೇಡಿಯಾ ಪರ್ಲ್‌ಮನ್ ರೂಪಿಸಿದ್ದು. ಲಿಂಕ್ ಬಂದ ಕೂಡಲೇ ಪೋರ್ಟ್ ಡೇಟಾ ದಾಟಲು ಬಿಡುವುದಿಲ್ಲ: 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್. ಬೂಟ್ ರೋಮ್ (ನೆಟ್‌ವರ್ಕ್ ಕಾರ್ಡಿನ ಬೂಟ್ ಪ್ರೋಗ್ರಾಂ) ಕಾರ್ಡನ್ನು ರೀಸೆಟ್ ಮಾಡಿದರೆ ಲಿಂಕ್ ಒಮ್ಮೆ ಬಿದ್ದು ಎದ್ದು ಲೆಕ್ಕ ಮತ್ತೆ ಸೊನ್ನೆಯಿಂದ. ನಮ್ಮ ಹಳೆ ರೋಮಿಗೆ ಅಷ್ಟು ತಾಳ್ಮೆ ಇಲ್ಲ. ಲಿನಕ್ಸ್ ಕೇಳುತ್ತಲೇ ಇರುತ್ತದೆ, ಹಾಗಾಗಿ ಅದಕ್ಕೆ ಸಿಗುತ್ತದೆ. ಮನೆಯ ಸ್ವಿಚ್ಚಿಗೆ ಈ ಬುದ್ಧಿಯೇ ಇಲ್ಲ.

ಮದ್ದು ಒಂದೇ ಸಾಲು, ಈ ಕಾಯುವಿಕೆಯನ್ನು ಬಿಟ್ಟುಬಿಡುವ ಪೋರ್ಟ್‌ಫಾಸ್ಟ್. ಮೆಷಿನ್ ಇರುವ ಪೋರ್ಟುಗಳಿಗೆ ಮಾತ್ರ; ಬೇರೆ ಸ್ವಿಚ್ಚಿಗೆ ಹೋಗುವ ಪೋರ್ಟಿಗೆ ಹಾಕಬೇಡಿ. ಆದರೆ ಆ ಸಾಲು ಹೊಡೆಯಲಿಕ್ಕೆ ಲ್ಯಾಪ್‌ಟಾಪನ್ನು ಸ್ವಿಚ್ಚಿನ ಸೆಟ್ಟಿಂಗಿಗೆ ಜೋಡಿಸುವ ಕನ್ಸೋಲ್ ಕೇಬಲ್ ಬೇಕು. ಸೆಕೆಂಡ್‌ಹ್ಯಾಂಡ್ ಸ್ವಿಚ್ ಕೊಟ್ಟ ಮಂಗಳೂರಿನ ಅಂಗಡಿಯವರು "ಕೇಬಲ್ ಚುಚ್ಚಿದರೆ ಆಯ್ತು, ಸೆಟ್ಟಿಂಗ್ ಎಂತದೂ ಬೇಡ" ಅಂದಿದ್ದರು. ಕನ್ಸೋಲ್ ಕೇಬಲ್ ಕೇಳಿದರೆ "ನಾಳೆ ಬರ್ತದೆ". ಆ ನಾಳೆ ಬರಲಿಕ್ಕೆ ಒಂಬತ್ತು ದಿನ ಹಿಡಿಯಿತು.

ಕಾಯುವಾಗ ಮುಂದಿನ ಹುಚ್ಚೂ ಹತ್ತಿತು: ಮನೆಯ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಎಸ್‌ಡಿ ಕಾರ್ಡ್ ಇಲ್ಲದೆ ಬೂಟ್ ಮಾಡುವುದು. ಈ ಕರೆಂಟಿನ ಆಟಕ್ಕೆ ಎರಡು ಕಾರ್ಡ್ ಸತ್ತಿವೆ. ಡಿಎನ್‌ಎಸ್‌ಮಾಸ್ಕಿನಲ್ಲಿ "ರಾಸ್‌ಬೆರಿ ಪೈ ಬೂಟ್" ಎಂಬ ಸರ್ವೀಸ್ ಸಾಲು ಬರೆದಿಟ್ಟಿದ್ದೇನೆ. ಅದರ ಕತೆ ಮುಂದಿನ ಸಲ.

ಹಳೆ ಬಯಾಸಿನ ಬದಲು ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ಪ್ರೋಗ್ರಾಂ ಇರುವ ಮೆಷಿನ್ ಎರಡಿದ್ದವು. ಐಪಿ ಕೇಳುವಾಗ ತಮ್ಮ ಬಗೆ ಹೇಳುವ ಆಪ್ಷನ್ 93ರಲ್ಲಿ 7 ಎನ್ನುತ್ತವೆ, ಅವಕ್ಕೆ ಬೇರೆ ಫೈಲ್. ಹತ್ತು ನಿಮಿಷದ ಕೆಲಸ.

ಎಂಟನೆಯದರ ಬಯಾಸ್ ಸೆಲ್ ಸತ್ತಿದೆ. ಕರೆಂಟ್ ಹೋದಾಗಲೆಲ್ಲ ಬೂಟ್ ಆರ್ಡರ್ ಮರೆಯುತ್ತದೆ, ಎಫ್12 ಒತ್ತಲಿಕ್ಕೆ ಭಾವನಿಗೆ ಕಲಿಸಿದ್ದೇನೆ. ಸಿಆರ್2032 ಒಂದು ತರಬೇಕು. ಆ ಅಂಗಡಿಯಿಂದ ಅಲ್ಲ.